ಸೋಲು ಒಂದೇ ಕಾರಣ ಅಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳ ಸೀಸನ್ ಟಿಕೆಟ್ (ಒಂದು ಋತುವಿನಲ್ಲಿ ತವರಿನಲ್ಲಿ ನಡೆಯುವ ಎಲ್ಲ ಪಂದ್ಯಗಳಿಗೂ ಒಟ್ಟಿಗೆ ಕೊಳ್ಳುವ ಟಿಕೆಟ್) ಮಾರಾಟ ಕಡಿಮೆಯಾಗುವುದು ತಂಡ ಸೋಲುವುದರಿಂದಲೇನಾ ಅಂತ ಕೇಳಿದ್ದೀರಿ. (ಕೈಯಲ್ಲಿ ಚೆಂಡು ಹಿಡಿದು ಓಡುವ ಫುಟ್‌ಬಾಲ್ ತಾನೇ?) ಸೋಲೂ ಒಂದು ಕಾರಣ, ಇಲ್ಲ ಅನ್ನಲ್ಲ. ಆದರೆ ಮಿಶಿಗನ್ ವಿಶ್ವವಿದ್ಯಾಲಯದ 2014ರ ಕತೆ ನೋಡಿ.

ಆ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್ ಊರಿನ ಸ್ಟೇಡಿಯಂನಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ಕೂರಬಹುದು. ವಿದ್ಯಾರ್ಥಿಗಳ ಸೀಸನ್ ಟಿಕೆಟ್ ಬೆಲೆ 300 ಡಾಲರ್ ಹತ್ತಿರ ಹೋಗಿತ್ತು. ಆದರೆ ಆ ವರ್ಷ ದೊಡ್ಡ ಎದುರಾಳಿಗಳಾದ ಓಹಾಯೊ ಸ್ಟೇಟ್, ಮಿಶಿಗನ್ ಸ್ಟೇಟ್, ನೋಟರ್ ಡೇಮ್ ಜೊತೆಗಿನ ಮೂರೂ ಪಂದ್ಯ ಅವರವರ ಊರಿನಲ್ಲಿ, ಅಂದರೆ ಈ ಟಿಕೆಟ್‌ನಲ್ಲಿ ಅವು ಇರಲಿಲ್ಲ. ಹೋಳಿಗೆಯೇ ಇಲ್ಲದ ಊಟಕ್ಕೆ ಹಬ್ಬದೂಟದ ದುಡ್ಡು ಕೇಳಿದ ಹಾಗೆ, ಅಲ್ವಾ? ಹುಡುಗರು ಕೊಳ್ಳಲಿಲ್ಲ. ಕೊನೆಗೆ ಕೋಕ್ ಕೊಂಡರೆ ಪಂದ್ಯದ ಟಿಕೆಟ್ ಅನ್ನುವ ಕೊಡುಗೆಯೂ ಬಂತು, ಅದಕ್ಕೆ ಸಿಕ್ಕಾಪಟ್ಟೆ ಗೇಲಿಯಾಯಿತು. ಅಕ್ಟೋಬರ್ ಕೊನೆಗೆ ಕ್ರೀಡಾ ವಿಭಾಗದ ನಿರ್ದೇಶಕ ಡೇವ್ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. ಮರುವರ್ಷಕ್ಕೆ ವಿದ್ಯಾರ್ಥಿಗಳ ಬೆಲೆಯನ್ನು 175 ಡಾಲರ್‌ಗೆ ಇಳಿಸಿದರು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಎಷ್ಟೋ ಕಾಲೇಜುಗಳಲ್ಲಿ ಒಳ್ಳೆ ಸೀಟು ಬೇಕಂದರೆ ಟಿಕೆಟ್ ದುಡ್ಡಿನ ಮೇಲೆ ಪ್ರತಿ ವರ್ಷ ದೇಣಿಗೆ ಬೇರೆ ಕೊಡಬೇಕು. ಮೊದಲು ಆ ದೇಣಿಗೆಯ 80% ಭಾಗಕ್ಕೆ ತೆರಿಗೆ ವಿನಾಯಿತಿ ಇತ್ತು. 2018ರಿಂದ ಅದು ನಿಂತುಹೋಯಿತು.

ಮೇಲೆ ಮನೆಯ ದೊಡ್ಡ ಟಿವಿ, ಫೋನಿನಲ್ಲೇ ಸಿಗುವ ಮರುಮಾರಾಟದ ಟಿಕೆಟ್. ಬೇಕಾದ ಒಂದು ಪಂದ್ಯಕ್ಕೆ ಹೋಗಬಹುದು ಅಂದಮೇಲೆ ಸುಮ್ನೆ ಎಲ್ಲ ಪಂದ್ಯಕ್ಕೂ ಯಾರು ದುಡ್ಡು ಕೊಡುತ್ತಾರೆ?