ತೀರ್ಮಾನ ಯಾರದು ಅಂತ ಮಕ್ಕಳು ಬರೆಯಲಿ

ಪದವಿ ತರಗತಿಗಳಿಗೆ ಪಾಠ ಮಾಡುವ ಓದುಗರೊಬ್ಬರ ಪತ್ರ:
“‘ಜಾಗತೀಕರಣ ಮತ್ತು ಸಮಕಾಲೀನ ಜಗತ್ತು’ ವಿಷಯದ ಪರೀಕ್ಷೆಗೆ ಇನ್ನು ಮೂರೇ ವಾರ ಇದೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಗಳನ್ನು ತಿದ್ದಿ ಬೇಸರವಾಯಿತು. ಹೆಚ್ಚಿನವರು ‘ಜಗತ್ತು ಇಂದು ಒಂದು ಪುಟ್ಟ ಹಳ್ಳಿಯಾಗಿದೆ’ ಎಂದು ಶುರು ಮಾಡಿ, ಐದು ಲಾಭ, ಐದು ನಷ್ಟ ಬರೆದು ಮುಗಿಸಿದ್ದಾರೆ. ಸಿದ್ಧ ನೋಟ್ಸ್ ಕೊಡಿ ಅಂತ ಕೇಳುತ್ತಾರೆ. ‘ಒಳ್ಳೆಯದು ಅಂತ ಬರೀಬೇಕಾ, ಕೆಟ್ಟದ್ದು ಅಂತ ಬರೀಬೇಕಾ, ಯಾವುದಕ್ಕೆ ಮಾರ್ಕ್ಸ್ ಜಾಸ್ತಿ?’ ಅಂತಲೂ ಕೇಳುತ್ತಾರೆ. ಇವರನ್ನು ಹೇಗೆ ತಯಾರು ಮಾಡಲಿ?”

ಪ್ರಿಯ ಮೇಡಂ,

ಮಕ್ಕಳ ಮೇಲೆ ಬೇಸರ ಬೇಡ. ಈ ವಿಷಯದ ಬಗ್ಗೆ ದೊಡ್ಡವರು ಬರೆದು ನಮಗೆ ಕಳಿಸುವ ಲೇಖನಗಳೂ ಎಷ್ಟೋ ಸಲ ಹೀಗೇ ಇರುತ್ತವೆ. ‘ಗಡಿಗಳು ಅಳಿಸಿಹೋದವು’, ‘ಮಾರುಕಟ್ಟೆ ತೆರೆದುಕೊಂಡಿತು’, ‘ಬಂಡವಾಳ ಹರಿದುಬಂತು’. ಓದುತ್ತಾ ಹೋದರೆ ಯಾರೂ ಏನೂ ಮಾಡಿಲ್ಲ, ಮಳೆ ಬಂದ ಹಾಗೆ ಎಲ್ಲ ತಾನಾಗಿಯೇ ಆಯಿತು ಅನ್ನಿಸುತ್ತದೆ. ಆದರೆ ಸುಂಕ ಇಳಿಯಬೇಕಾದರೆ ಯಾರೋ ಸಹಿ ಹಾಕಬೇಕು. ಬಂಡವಾಳ ಹರಿಯಬೇಕಾದರೆ ಯಾವುದೋ ಸರ್ಕಾರ ಕಾನೂನು ಬದಲಾಯಿಸಬೇಕು. ಆ ‘ಯಾರೋ’ ಕಾಣೆಯಾದ ಉತ್ತರದಲ್ಲಿ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಲಾಭ ನಷ್ಟದ ಪಟ್ಟಿ ಒಂದೇ ಉಳಿಯುತ್ತದೆ.

ಹಾಗಾಗಿ ಈ ಮೂರು ವಾರ ಒಂದೇ ಅಭ್ಯಾಸ ಮಾಡಿಸಿ ಅಂತ ನನ್ನ ಸಲಹೆ. ಮಕ್ಕಳು ಬರೆದ ವಾಕ್ಯದ ಪಕ್ಕದಲ್ಲಿ ಅವರೇ ಪ್ರಶ್ನೆ ಹಾಕಿಕೊಳ್ಳಲಿ. ಇದನ್ನು ಯಾರು ತೀರ್ಮಾನಿಸಿದರು? ಯಾವಾಗ? ಯಾರಿಗೆ ಅನುಕೂಲವಾಯಿತು, ಭಾರ ಯಾರ ಮೇಲೆ ಬಿತ್ತು? ಬೇರೆ ದಾರಿ ಇತ್ತಾ?

ಇದಕ್ಕೆ ಪಠ್ಯದ ಇಪ್ಪತ್ತು ಅಧ್ಯಾಯ ಬೇಕಿಲ್ಲ. ಮೂರ್ನಾಲ್ಕು ಘಟನೆಗಳನ್ನು ಬುಡದಿಂದ ತುದಿಯವರೆಗೆ ತಿಳಿದರೆ ಸಾಕು. ನನಗೆ ಆರಿಸಲು ಹೇಳಿದರೆ ಮೊದಲು ಏಡ್ಸ್ ಔಷಧಿಯ ಕಥೆ ತೆಗೆದುಕೊಳ್ಳುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ತರಗತಿಯಲ್ಲಿ ನೇರವಾಗಿ ಬಳಸಿಕೊಳ್ಳಬಹುದು.

1994ರ ಏಪ್ರಿಲ್‌ನಲ್ಲಿ ಮೊರಾಕ್ಕೊದ ಮರಕೇಶ್ ನಗರದಲ್ಲಿ ದೇಶಗಳು ಒಂದು ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದವು. ಅದರಿಂದ 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರ ಜೊತೆಗೇ ಬಂದದ್ದು ಟ್ರಿಪ್ಸ್, ಅಂದರೆ ಬೌದ್ಧಿಕ ಆಸ್ತಿಯ ಒಪ್ಪಂದ. ಸದಸ್ಯ ದೇಶಗಳು ಔಷಧಿಗೂ ಸೇರಿ 20 ವರ್ಷದ ಪೇಟೆಂಟ್, ಅಂದರೆ ಕಂಡುಹಿಡಿದವರಿಗೆ ಮಾತ್ರ ತಯಾರಿಸಿ ಮಾರುವ ಹಕ್ಕು, ಕೊಡಬೇಕು ಎಂಬ ನಿಯಮ ಬಂತು. ಅಭಿವೃದ್ಧಿ ಹೊಂದುತ್ತಿರುವ ಮತ್ತು ಬಡ ದೇಶಗಳಿಗೆ ಕೆಲವು ವರ್ಷಗಳ ಕಾಲಾವಕಾಶ ಇತ್ತು. ಅದೇ ಹೊತ್ತಿನಲ್ಲಿ ಏಡ್ಸ್‌ಗೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿತ್ತು. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಖರ್ಚು. ರೋಗ ಅತಿ ಹೆಚ್ಚು ಹರಡಿದ್ದು ಆಫ್ರಿಕದ ದಕ್ಷಿಣ ಭಾಗದಲ್ಲಿ. ಆ ಹಣ ಕೊಡುವ ಶಕ್ತಿ ಅಲ್ಲಿನ ಜನರಿಗೂ ಇರಲಿಲ್ಲ, ಸರ್ಕಾರಗಳಿಗೂ ಇರಲಿಲ್ಲ.

1997ರಲ್ಲಿ ದಕ್ಷಿಣ ಆಫ್ರಿಕ, ಕಡಿಮೆ ಬೆಲೆಯ ಔಷಧಿಯನ್ನು ಹೊರಗಿನಿಂದ ತರಿಸಲು ದಾರಿ ಮಾಡಿಕೊಡುವ ಕಾನೂನು ಮಾಡಿತು. ಆಗ ಅಲ್ಲಿನ ಅಧ್ಯಕ್ಷರು ನೆಲ್ಸನ್ ಮಂಡೇಲಾ. ಮರುವರ್ಷ ಔಷಧಿ ಕಂಪನಿಗಳು ಆ ಸರ್ಕಾರದ ಮೇಲೆಯೇ ಮೊಕದ್ದಮೆ ಹೂಡಿದವು. ಇತ್ತ ಭಾರತದಲ್ಲಿ 1970ರ ಪೇಟೆಂಟ್ ಕಾಯ್ದೆ ಇನ್ನೂ ಜಾರಿಯಲ್ಲಿತ್ತು. ಅದರಲ್ಲಿ ಔಷಧಿಯನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್, ಔಷಧಿಗೆ ಇಲ್ಲ. ಹಾಗಾಗಿ ಸಿಪ್ಲಾ ಕಂಪನಿ ಅದೇ ಮೂರು ಔಷಧಿಗಳನ್ನು ತಾನೇ ತಯಾರಿಸಿತು. 2001ರ ಫೆಬ್ರುವರಿಯಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ನಂತೆ ಕೊಡುತ್ತೇವೆ ಎಂದು ಘೋಷಿಸಿತು. 10,000 ಎಲ್ಲಿ, 350 ಎಲ್ಲಿ! ಬೀದಿಯಲ್ಲಿ ರೋಗಿಗಳ ಸಂಘಟನೆಗಳ ಹೋರಾಟ ನಡೆದಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಬರೆಯುತ್ತಿದ್ದವು. ಅದೇ ಏಪ್ರಿಲ್‌ನಲ್ಲಿ 39 ಕಂಪನಿಗಳು ಮೊಕದ್ದಮೆ ಹಿಂದಕ್ಕೆ ಪಡೆದವು. ನವೆಂಬರ್‌ನಲ್ಲಿ ದೋಹಾದಲ್ಲಿ ಸೇರಿದ ವ್ಯಾಪಾರ ಸಚಿವರು, ಜನರ ಆರೋಗ್ಯ ಕಾಪಾಡಲು ದೇಶಗಳು ಕ್ರಮ ಕೈಗೊಳ್ಳುವುದಕ್ಕೆ ಟ್ರಿಪ್ಸ್ ಅಡ್ಡಿಯಾಗಬಾರದು ಎಂದು ಘೋಷಣೆ ಹೊರಡಿಸಿದರು. ಕಥೆ ಅಲ್ಲಿಗೆ ಸುಖವಾಗಿ ಮುಗಿಯಲೂ ಇಲ್ಲ. ಟ್ರಿಪ್ಸ್ ಗಡುವಿನಂತೆ 2005ರಿಂದ ಭಾರತವೂ ಔಷಧಿಗೆ ಪೇಟೆಂಟ್ ಕೊಡಲು ಶುರು ಮಾಡಬೇಕಾಯಿತು.

ಈ ಒಂದು ಘಟನೆಯಲ್ಲಿ ಏನೇನಿದೆ ನೋಡಿ. ಜಾಗತಿಕ ಸಂಸ್ಥೆ ಇದೆ, ಬಹುರಾಷ್ಟ್ರೀಯ ಕಂಪನಿಗಳಿವೆ, ಸರ್ಕಾರ ಇದೆ, ಗಡಿ ದಾಟಿ ಕೆಲಸ ಮಾಡುವ ಜನಸಂಘಟನೆಗಳಿವೆ, ಶ್ರೀಮಂತ ದೇಶ ಮತ್ತು ಬಡ ದೇಶಗಳ ಜಗಳ ಇದೆ. ‘ವಿಶ್ವ ವ್ಯಾಪಾರ ಸಂಸ್ಥೆಯ ಪಾತ್ರ ಚರ್ಚಿಸಿ’ ಅಂತ ಬಂದರೂ ಇದು ಬರುತ್ತದೆ. ‘ಜಾಗತೀಕರಣದಿಂದ ದೇಶಗಳ ಸಾರ್ವಭೌಮತ್ವ ಕುಗ್ಗಿದೆಯೇ’ ಅಂದರೂ ಬರುತ್ತದೆ. ‘ನಾಗರಿಕ ಸಮಾಜ’, ‘ಜಾಗತಿಕ ಅಸಮಾನತೆ’, ಯಾವುದಕ್ಕೂ ಒದಗುತ್ತದೆ. ಜೊತೆಗೆ, ಲಾಭ ಒಂದು ಕಡೆ ನಷ್ಟ ಇನ್ನೊಂದು ಕಡೆ ಅಂತ ಗೆರೆ ಎಳೆಯಲು ಆಗುವುದಿಲ್ಲ ಎಂಬುದು ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ. ಔಷಧಿಯನ್ನು ದುಬಾರಿ ಮಾಡಿದ ನಿಯಮವೂ ಗಡಿ ದಾಟಿ ಬಂದದ್ದು. ಅಗ್ಗದ ಔಷಧಿಯೂ ಗಡಿ ದಾಟಿಯೇ ಹೋದದ್ದು.

ಎರಡನೆಯದು 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು. ಆ ವರ್ಷ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯ ಬಾತ್‌ನ ಬೆಲೆಯನ್ನು ಹಿಡಿದಿಡಲಾಗದೆ ಕೈಬಿಟ್ಟಿತು. ಆರು ತಿಂಗಳಲ್ಲಿ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಇಂಡೋನೇಷ್ಯಾ, ಮಲೇಷ್ಯಾ, ದಕ್ಷಿಣ ಕೊರಿಯಾಗಳಿಗೂ ಬೆಂಕಿ ಹಬ್ಬಿತು. ಥಾಯ್ಲೆಂಡ್, ಇಂಡೋನೇಷ್ಯಾ, ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಪಡೆದವು. ಅದರ ಜೊತೆಗೆ ಬಡ್ಡಿ ಏರಿಸುವ, ಖರ್ಚು ಕಡಿತ ಮಾಡುವ ಷರತ್ತುಗಳನ್ನೂ ಒಪ್ಪಿಕೊಂಡವು. ಇಂಡೋನೇಷ್ಯಾದಲ್ಲಿ ಬೆಲೆ ಏರಿಕೆ, ಗಲಭೆಗಳ ನಡುವೆ 1998ರ ಮೇನಲ್ಲಿ ಅಧ್ಯಕ್ಷ ಸುಹಾರ್ತೊ ರಾಜೀನಾಮೆ ಕೊಡಬೇಕಾಯಿತು. ಮಲೇಷ್ಯಾ ಬೇರೆ ದಾರಿ ಹಿಡಿಯಿತು. ನಿಧಿಯ ಸಾಲ ಬೇಡ ಅಂದಿತು. 1998ರ ಸೆಪ್ಟೆಂಬರ್‌ನಲ್ಲಿ ಬಂಡವಾಳ ಹೊರಹೋಗುವುದಕ್ಕೆ ತಡೆ ಹಾಕಿತು. ಒಂದು ಡಾಲರ್‌ಗೆ 3.80 ರಿಂಗಿಟ್ ಅಂತ ನಿಗದಿ ಮಾಡಿತು. 1999ರ ಹೊತ್ತಿಗೆ ಕೊರಿಯಾವೂ ಚೇತರಿಸಿಕೊಂಡಿತು, ಮಲೇಷ್ಯಾವೂ ಚೇತರಿಸಿಕೊಂಡಿತು. ಯಾವ ದಾರಿ ಸರಿ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ಇಂದಿಗೂ ಒಪ್ಪಿಲ್ಲ. ಮಕ್ಕಳಿಗೆ ಹೇಳಬೇಕಾದದ್ದು ಇಷ್ಟೇ: ಬಿಕ್ಕಟ್ಟು ಒಂದೇ, ತೀರ್ಮಾನ ಎರಡು. ‘ಜಾಗತೀಕರಣದ ಮುಂದೆ ದೇಶಗಳು ಅಸಹಾಯಕ’ ಎಂದು ಕಣ್ಣುಮುಚ್ಚಿ ಬರೆಯುವ ವಿದ್ಯಾರ್ಥಿ ಇದನ್ನು ಓದಿದ ಮೇಲೆ ಹಾಗೆ ಬರೆಯಲಾರ.

ತಂತ್ರಜ್ಞಾನದ ಪ್ರಶ್ನೆ ಬಂದರೆ ಎಲ್ಲರೂ ಇಂಟರ್ನೆಟ್ ಬಗ್ಗೆಯೇ ಬರೆಯುತ್ತಾರೆ. ಒಂದು ಬದಲಾವಣೆಗೆ ಹಡಗಿನ ಕಂಟೇನರ್ ಬಗ್ಗೆ ಬರೆಯಲು ಹೇಳಿ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಲಾರಿ ಉದ್ಯಮಿ ಮಾಲ್ಕಂ ಮೆಕ್ಲೀನ್ 58 ಲೋಹದ ದೊಡ್ಡ ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಮೂಟೆ ಮೂಟೆಯಾಗಿ ಹೊತ್ತು ತುಂಬುವ ಕೆಲಸ ತಪ್ಪಿ, ಸಾಗಣೆ ವೆಚ್ಚ ಪಾತಾಳಕ್ಕೆ ಇಳಿಯಿತು. ದೂರದ ದೇಶದಲ್ಲಿ ತಯಾರಿಸಿ ತಂದರೂ ಲಾಭ ಬರುವ ಹಾಗಾಯಿತು. ಬಂದರಿನ ಕೂಲಿಗಳು ಕೆಲಸ ಕಳೆದುಕೊಂಡರು. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತಲ್ಲ, ಅದನ್ನು ಇದರ ಜೊತೆ ಸೇರಿಸಿದರೆ ಒಳ್ಳೆಯ ಅರ್ಧ ಪುಟ ಆಗುತ್ತದೆ.

‘ಜಾಗತೀಕರಣ ಯಾವಾಗ ಶುರುವಾಯಿತು’ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಅದು ಒಮ್ಮೆ ಹಿಂದಕ್ಕೆ ಹೋಗಿತ್ತು ಎಂಬುದನ್ನು ಮಕ್ಕಳು ಬರೆಯಲೇಬೇಕು. 1870ರಿಂದ 1914ರವರೆಗೆ ಉಗಿಹಡಗು, ತಂತಿ, ಸೂಯೆಜ್ ಕಾಲುವೆಗಳ ಬಲದಿಂದ ಸರಕು, ಹಣ, ಜನ ಎಲ್ಲ ಭಾರಿ ಪ್ರಮಾಣದಲ್ಲಿ ಗಡಿ ದಾಟಿದವು. ಮೊದಲ ಮಹಾಯುದ್ಧ ಅದನ್ನು ಮುರಿಯಿತು. 1930ರಲ್ಲಿ ಅಮೆರಿಕ ಸುಂಕ ಏರಿಸಿತು, ಉಳಿದ ದೇಶಗಳೂ ಏರಿಸಿದವು, ವ್ಯಾಪಾರ ಕುಸಿಯಿತು. ಹಾಗಾಗಿ ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೆಂದ 2016ರ ಬ್ರೆಕ್ಸಿಟ್ ಮತದಾನವನ್ನೋ 2018ರ ಅಮೆರಿಕ–ಚೀನಾ ಸುಂಕದ ಜಗಳವನ್ನೋ ಬರೆಯುವಾಗ ‘ಹಿಂದೆಂದೂ ಆಗದ್ದು’ ಅನ್ನಬಾರದು.

ಸಂಸ್ಥೆಗಳ ವಿಷಯದಲ್ಲಿ ಗೊಂದಲ ಜಾಸ್ತಿ. ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್ ಎರಡೂ 1944ರ ಜುಲೈನಲ್ಲಿ 44 ದೇಶಗಳು ಸೇರಿದ ಬ್ರೆಟನ್ ವುಡ್ಸ್ ಸಭೆಯ ಕೂಸುಗಳು. ಆದರೆ ಕೆಲಸ ಬೇರೆ. ವಿದೇಶಿ ಹಣ ಬರಿದಾದ ದೇಶಕ್ಕೆ ಕೈಗಡ ಕೊಡುವುದು ನಿಧಿ. ರಸ್ತೆ, ಅಣೆಕಟ್ಟು, ಶಾಲೆಗಳಂಥ ಕೆಲಸಕ್ಕೆ ದೀರ್ಘಾವಧಿ ಸಾಲ ಕೊಡುವುದು ಬ್ಯಾಂಕ್. ಯಾರ ಮಾತು ನಡೆಯುತ್ತದೆ ಎಂಬುದನ್ನೂ ಕೇಳಿಸಿ. ನಿಧಿಯಲ್ಲಿ ಮತ, ದೇಶ ಹಾಕಿದ ಹಣದ ಪಾಲಿಗೆ ತಕ್ಕಂತೆ. ಬಹುಮುಖ್ಯ ತೀರ್ಮಾನಕ್ಕೆ ಶೇ 85 ಮತ ಬೇಕು, ಅಮೆರಿಕ ಒಂದರ ಕೈಯಲ್ಲೇ ಶೇ 16ಕ್ಕಿಂತ ಹೆಚ್ಚಿದೆ. ಅಂದರೆ ಅದು ಬೇಡ ಅಂದರೆ ಬೇಡ, ಅಲ್ವಾ? ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಎಲ್ಲರ ಒಪ್ಪಿಗೆ ಬೇಕು. ಹಾಗಾಗಿಯೇ 2019ರ ಡಿಸೆಂಬರ್‌ನಿಂದ, ದೇಶಗಳ ವ್ಯಾಪಾರ ವ್ಯಾಜ್ಯಗಳನ್ನು ಕೇಳುವ ಅದರ ಮೇಲ್ಮನವಿ ಮಂಡಳಿ ನಿಂತೇಹೋಗಿದೆ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪಲಿಲ್ಲ ಅಂತ. ಹೀಗೆ ಓದಿದರೆ ಸಂಸ್ಥೆಯ ಹೆಸರು, ಸ್ಥಾಪನೆಯ ವರ್ಷ ಬಾಯಿಪಾಠ ಮಾಡುವ ಕಷ್ಟವೂ ಕಡಿಮೆ.

ಸಿದ್ಧಾಂತಗಳಲ್ಲಿ ಎರಡು ಗಟ್ಟಿಯಾಗಿದ್ದರೆ ಸಾಕು ಅಂತ ನನ್ನ ಅಭಿಪ್ರಾಯ. ಒಂದು, ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ವಾಲರ್‌ಸ್ಟೈನ್ ಹೇಳಿದ ಕೇಂದ್ರ, ಅರೆ ಅಂಚು, ಅಂಚು ದೇಶಗಳ ವ್ಯವಸ್ಥೆ, ಅಂದರೆ ಶ್ರೀಮಂತ ದೇಶಗಳು ನಡುವೆ, ಬಡ ದೇಶಗಳು ಅಂಚಿನಲ್ಲಿ, ಉಳಿದವು ಮಧ್ಯದಲ್ಲಿ ಇರುವ ಒಂದೇ ಆರ್ಥಿಕ ವ್ಯವಸ್ಥೆ. ಇನ್ನೊಂದು, ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಹೇಳಿದ ಐದು ಹರಿವುಗಳು: ಜನ, ತಂತ್ರಜ್ಞಾನ, ಹಣ, ಮಾಧ್ಯಮ, ವಿಚಾರ. ಇವು ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ ಎಂಬುದೇ ಅಪ್ಪಾದುರೈ ಅವರ ಮಾತಿನ ತಿರುಳು. ಹಣ ಕ್ಷಣದಲ್ಲಿ ಗಡಿ ದಾಟುತ್ತದೆ, ಕೆಲಸ ಹುಡುಕಿ ಹೊರಟ ಮನುಷ್ಯ ವೀಸಾಗೆ ಸಾಲು ನಿಲ್ಲುತ್ತಾನೆ. ಸಿದ್ಧಾಂತವನ್ನು ಪೀಠಿಕೆಯಲ್ಲಿ ಸುಮ್ನೆ ಹೆಸರಿಸಿ ಬಿಟ್ಟುಬಿಡುವ ಬದಲು, ಔಷಧಿಯ ಕಥೆಗೋ ಬಾತ್ ಕಥೆಗೋ ಹಚ್ಚಿ ನೋಡಲಿ.

ಇನ್ನು ‘ಒಳ್ಳೆಯದಾ, ಕೆಟ್ಟದ್ದಾ’ ಎಂಬ ಪ್ರಶ್ನೆ. ಮಾರ್ಕ್ಸ್ ಬರುವುದು ಯಾವ ಕಡೆ ನಿಂತರು ಅನ್ನುವುದಕ್ಕಲ್ಲ, ನಿಂತ ಜಾಗಕ್ಕೆ ಆಧಾರ ಕೊಟ್ಟರಾ ಅನ್ನುವುದಕ್ಕೆ. ಹಾಗಂತ ಮಕ್ಕಳಿಗೆ ನೇರವಾಗಿ ಹೇಳಿ. ಎರಡೂ ಕಡೆ ತೂಗಿ ಕೊನೆಗೆ ಏನೂ ಹೇಳದ ಉತ್ತರಕ್ಕಿಂತ, ಎದುರು ವಾದವನ್ನು ಪ್ರಾಮಾಣಿಕವಾಗಿ ಎದುರಿಸಿ ಒಂದು ನಿಲುವು ತಳೆದ ಉತ್ತರ ಮೇಲು. 2013ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತರು. ಅದೇ ಉದ್ಯಮ ಆ ದೇಶದ ಲಕ್ಷಾಂತರ ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಕೊಟ್ಟಿದೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಹಿಡಿದು, ಹೊಣೆ ಕಟ್ಟಡದ ಮಾಲೀಕನದೋ, ಸರ್ಕಾರದ್ದೋ, ಬಟ್ಟೆ ತರಿಸಿಕೊಂಡ ವಿದೇಶಿ ಬ್ರ್ಯಾಂಡ್‌ಗಳದೋ ಅಂತ ವಾದ ಮಾಡಲಿ. ತರಗತಿಯಲ್ಲಿ ಒಂದು ಗಂಟೆ ಇದಕ್ಕೇ ಕೊಡಿ. ಜೋರಾಗಿ ಜಗಳ ಆಡಿದ ವಿಷಯ ಮರೆಯುವುದಿಲ್ಲ.

ಸಿದ್ಧ ನೋಟ್ಸ್ ಕೊಡಬೇಡಿ. ವರ್ಷ, ಸ್ಥಳ, ಅಂಕಿಗಳ ಒಂದು ಹಾಳೆ ಕೊಡಿ, ವಾಕ್ಯಗಳನ್ನು ಅವರೇ ಕಟ್ಟಲಿ. ಓದುವ ಕ್ರಮದ ಬಗ್ಗೆ ಒಂದು ಮಾತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಿಮ್ಮ ಮಕ್ಕಳಿಗೆ ಬೇಕಾದದ್ದು ಎರಡನೆಯದು. ದಿನಾ ಹತ್ತು ನಿಮಿಷ, ಖಾಲಿ ಹಾಳೆ, ಒಂದು ಘಟನೆ. ಬರೆದು, ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲಿ.

ಕೊನೆಯ ವಾರ ಮಾತ್ರ ಗಡಿಯಾರ ಇಟ್ಟುಕೊಂಡು ಪೂರ್ತಿ ಉತ್ತರ ಬರೆಸಿ. ಆಮೇಲೆ ಪಕ್ಕದವರ ಹಾಳೆ ಬದಲಿಸಿಕೊಂಡು, ‘ಯಾರು’ ಎಂಬುದಕ್ಕೆ ಉತ್ತರ ಇಲ್ಲದ ವಾಕ್ಯಗಳ ಕೆಳಗೆ ಗೆರೆ ಹಾಕಲಿ. ಮೊದಲ ದಿನ ಹಾಳೆ ತುಂಬ ಗೆರೆ ಇರುತ್ತದೆ, ಗಾಬರಿ ಬೇಡ. ಎಲ್ಲ ಗೆರೆಯನ್ನೂ ಅಳಿಸಬೇಕಿಲ್ಲ, ಒಂದು ಉತ್ತರದಲ್ಲಿ ನಾಲ್ಕು ವಾಕ್ಯ ಸರಿಯಾದರೂ ಓದುವ ಪರೀಕ್ಷಕರಿಗೆ ವ್ಯತ್ಯಾಸ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ, ರಾಣಾ ಪ್ಲಾಜಾ ಬಗ್ಗೆ ನಿಮ್ಮ ತರಗತಿಯವರು ಬರೆದದ್ದರಲ್ಲಿ ಪರಸ್ಪರ ಒಪ್ಪದ ಎರಡು ಉತ್ತರಗಳನ್ನು ಆರಿಸಿ ನಮಗೆ ಕಳಿಸಿ. ಅಕ್ಕಪಕ್ಕದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ