ಮದ್ದೂರಿಗೆ ಹೋಗೋಕೆ ಚನ್ನಪಟ್ಟಣದ ಟಿಕೆಟ್

ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯ್ಸಿದೀನಿ. ಉಗ್ಗಿಗೆ ನನ್ನ ಹತ್ರ ತೋರಿಸ್ಕೊಳ್ಳೋಕೆ ಬಂದ ಹುಡುಗನಿಗೆ 26 ವರ್ಷ, ಮನೆ ಮದ್ದೂರಲ್ಲಿ, ಕೆಲಸ ಮೈಸೂರಲ್ಲಿ. ಚಿಕ್ಕಂದಿನಿಂದ ಉಗ್ಗು. ಹೋದ ವರ್ಷ ಸ್ಪೀಚ್ ಥೆರಪಿ ಮುಗಿದಾಗ ಸಲೀಸಾಗಿ ಮಾತಾಡ್ತಿದ್ದ, ಐದು ತಿಂಗಳಿಗೆ ಮತ್ತೆ ಶುರು. "ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು ಮೇಡಂ" ಅಂತ ತಲೆ ತಗ್ಗಿಸ್ಕೊಂಡು ಕೂತಿದ್ದ.

ಥೆರಪಿ ಆದ್ಮೇಲೂ ಉಗ್ಗು ವಾಪಸ್ ಬರೋದು ತುಂಬಾ ಜನಕ್ಕೆ ಆಗುತ್ತೆ, ನಿನ್ನ ತಪ್ಪೇನೂ ಇಲ್ಲಪ್ಪ ಅಂತ ಮೊದಲೇ ಹೇಳ್ದೆ. ಆಮೇಲೆ ದಿನ ಹೆಂಗೆ ಕಳೀತೀಯ ಅಂತ ಕೇಳ್ತಾ ಹೋದಾಗ ಬಸ್ಸಿನ ವಿಷ್ಯ ಬಂತು. 'ಮ' ಅನ್ನೋಕೆ ಹೋದ್ರೆ ತುಟಿ ಅಂಟ್ಕೊಂಡ್ಬಿಡುತ್ತೆ, ಅದಕ್ಕೆ ಕಂಡಕ್ಟರ್ ಹತ್ರ ಮದ್ದೂರು ದಾಟಿ ಮುಂದೆ ಸಿಗೋ ಚನ್ನಪಟ್ಟಣ ಅಂತ ಹೇಳಿ ಜಾಸ್ತಿ ದುಡ್ಡು ಕೊಟ್ಟು ಮದ್ದೂರಲ್ಲೇ ಇಳ್ಕೊತಿದ್ದ, ಥೆರಪಿ ಚೆನ್ನಾಗಿ ನಡೀತಿದ್ದ ದಿನಗಳಲ್ಲೂ ಇದೇ ಕತೆಯಂತೆ. ನಂಗೆ ಹೊಟ್ಟೆ ಹಿಂಡಿದಂಗಾಯ್ತು. ಕೇಳೋರಿಗೆ ಸರಾಗ ಮಾತು, ಒಳಗೆ ಒಂದೊಂದು ಪದಕ್ಕೂ ಕಾವಲು. ಪದ ತಪ್ಪಿಸಿದಷ್ಟೂ ಅದರ ಮೇಲಿನ ಭಯ ಬೆಳೆಯುತ್ತೆ, ಭಯಕ್ಕೆ ತುಟಿ ಇನ್ನೂ ಬಿಗಿಯುತ್ತೆ.

ದಿನಾ ಬೆಳಿಗ್ಗೆ ಹದಿನೈದು ನಿಮಿಷ ಪೇಪರ್ ಜೋರಾಗಿ ಓದು, ಮೊದಲು ಎಳೆದು ನಿಧಾನಕ್ಕೆ, ಆಮೇಲೆ ಮಾಮೂಲಿ ಸ್ಪೀಡಿಗೆ ಬಾ ಅಂದೆ. ಆದ್ರೆ ಒಬ್ನೇ ಇದ್ದಾಗ ಉಗ್ಗು ಹೆಂಗೂ ಕಮ್ಮಿ, ನಿಜವಾದ ಪ್ರಾಕ್ಟೀಸ್ ಬಸ್ಸಲ್ಲಿ, ಫೋನಲ್ಲಿ, ಅಂಗಡೀಲಿ. 'ಮ'ಗೆ ತುಟಿ ಒತ್ಬೇಡ, ಸುಮ್ನೆ ತಾಗಿಸಿ ಉಸಿರು ಬಿಡ್ತಾ ಶುರು ಮಾಡು. ಸಿಕ್ಕಾಕೊಂಡ್ರೆ ಪದ ಮುಗಿಸಿ, ಒಂದೆರಡು ಸೆಕೆಂಡ್ ನಿಂತು, ಅದೇ ಪದ ಇನ್ನೊಂದ್ಸಲ ಹಗುರಾಗಿ ಹೇಳು, ಕಂಡಕ್ಟರ್ ಕಾಯ್ತಾನೆ ಬಿಡು. ದಿನಕ್ಕೆ ಒಂದ್ಸಲ ಬೇಕಂತ್ಲೇ ಸ್ವಲ್ಪ ಉಗ್ಗು ಅಂದಾಗ ಬೆಚ್ಚಿಬಿದ್ದ. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನ ತಾನಾಗೇ ತೋರ್ಸಿದ್ರೆ ಸಿಕ್ಕಿಬೀಳೋ ಹೆದರಿಕೆ ಇಳಿಯುತ್ತೆ, ಇದನ್ನ ಮಾತ್ರ ಬಿಡಬೇಡ ಅಂತ ಒತ್ತಿ ಹೇಳ್ದೆ.

ಅವರಮ್ಮ ಪಾಪ, ಮಗ ತಡವರಿಸಿದ ತಕ್ಷಣ ತಾವೇ ಪದ ತುಂಬಿಬಿಡ್ತಾರೆ. ಅವನ ಮುಖ ನೋಡ್ಕೊಂಡು ಸುಮ್ನೆ ಕಾಯಿರಮ್ಮ ಅಂದೆ. ಫಾಲೋಅಪ್‌ಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ ತೋರ್ಸೋಕೂ ಹೇಳಿದೀನಿ, ಥೆರಪಿ ಮುಗೀತು ಅಂತ ಒಂದೇ ಸಲ ಕೈ ಬಿಡಬಾರ್ದು.

ಆರು ವಾರದ ಮೇಲೆ ಬಂದಿದ್ದ. ಮದ್ದೂರಿನ ಟಿಕೆಟ್ ಕೇಳಿ ತಗೊಂಡಿದಾನೆ, ಎರಡು ಸಲ ತುಟಿ ಅಂಟ್ಕೊಂಡು ಹಿಂದಿನ ಸೀಟಿನೋರು ನಕ್ಕರಂತೆ, ಆದ್ರೂ ಚನ್ನಪಟ್ಟಣ ಅನ್ಲಿಲ್ಲ. ಮ್ಯಾನೇಜರ್‌ಗೆ ಫೋನ್ ಮಾಡೋದು ಇನ್ನೂ ಆಗಿಲ್ಲ. ಮುಂದಿನ ಅಪಾಯಿಂಟ್ಮೆಂಟ್‌ಗೆ ವಾಟ್ಸಾಪ್ ಮಾಡ್ಬೇಡ, ಕಾಲ್ ಮಾಡೇ ಟೈಮ್ ತಗೋ ಅಂತ ಹೇಳಿ ಕಳಿಸಿದೀನಿ.