ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಚ್ಚಿದ ವೈನರಿ ಮತ್ತು ಕೆಲಸಗಾರರಿಗಾಗಿ ಎತ್ತುವ ದೇಣಿಗೆ

ಬೆಂಗಳೂರಿನ ಹೊರವಲಯದ ವೈನ್ ತಯಾರಿಕಾ ಘಟಕವೊಂದು ಬಾಗಿಲು ಮುಚ್ಚಿದ ನಂತರ, ಅಲ್ಲಿ ದುಡಿಯುತ್ತಿದ್ದವರಿಗಾಗಿ ಸಾರ್ವಜನಿಕರಿಂದ ಹಣ ಸಂಗ್ರಹಿಸುವ ವಿಚಾರವಾಗಿ ಹಲವು ಪತ್ರಗಳು ಬಂದಿವೆ. ಪತ್ರ ಬರೆದವರ ಹೆಸರನ್ನೂ ಕಂಪನಿಯ ಹೆಸರನ್ನೂ ಕೈಬಿಟ್ಟು, ಪ್ರಶ್ನೆಗಳನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಆ ವೈನರಿಯ ಮಾರಾಟ ವಿಭಾಗದಲ್ಲಿದ್ದೆ. ನಾಲ್ಕು ತಿಂಗಳ ಸಂಬಳ ಬಾಕಿ ಇರುವಾಗಲೇ ಕಂಪನಿ ನಿಂತುಹೋಯಿತು. ತೋಟದವರು, ಸೆಲ್ಲಾರಿನವರು, ಬಾಟ್ಲಿಂಗ್‌ನವರು ಎಲ್ಲ ಸೇರಿ ಸುಮಾರು ಅರವತ್ತು ಮಂದಿ ಇದ್ದೇವೆ. ನನ್ನ ಖಾತೆಯ ಕ್ಯೂಆರ್ ಕೋಡ್ ಹಂಚಿ ಹಣ ಎತ್ತಬಹುದೇ? (ಯಲಹಂಕದ ಓದುಗರು)

ಹಣ ಎತ್ತಲು ಕಾನೂನಿನ ಅಡ್ಡಿಯಿಲ್ಲ, ಆದರೆ ನಿಮ್ಮ ಸ್ವಂತ ಖಾತೆಗೆ ಎತ್ತಬೇಡಿ. ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಚಿತವಾಗಿ ಬಂದರೆ, ಮಿತಿ ಮೀರಿದ ಭಾಗವನ್ನಷ್ಟೇ ಅಲ್ಲ, ಇಡೀ ಮೊತ್ತವನ್ನು ಪಡೆದವರ ಆದಾಯವೆಂದು ಪರಿಗಣಿಸಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಆರು ಲಕ್ಷ ಸಂಗ್ರಹಿಸಿ ಆರು ಲಕ್ಷವನ್ನೂ ಹಂಚಿದ ಮೇಲೂ, ಅದು ನಿಮ್ಮ ಹಣವಾಗಿರಲಿಲ್ಲ ಎಂದು ಕಾಗದಪತ್ರ ಇಟ್ಟು ತೋರಿಸುವ ಹೊಣೆ ನಿಮ್ಮ ತಲೆಗೇ ಬರುತ್ತದೆ. ಅಪರಿಚಿತರಿಂದ ನೂರಾರು ಸಣ್ಣ ಪಾವತಿಗಳು ಬೀಳುವ ಖಾತೆಯ ಮೇಲೆ ಯಾರೋ ಒಬ್ಬರು ಸೈಬರ್ ದೂರು ಕೊಟ್ಟರೂ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಆಗ ನಿಮ್ಮ ಮನೆಯ ಖರ್ಚಿನ ಹಣವೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಿರಿ. ಮೊದಲನೆಯದು ಬೆಂಗಳೂರಿನ ಮಿಲಾಪ್, ಮುಂಬೈನ ಕೆಟ್ಟೋ ಮುಂತಾದ ಕ್ರೌಡ್‌ಫಂಡಿಂಗ್ ವೇದಿಕೆಗಳು. ಅವು ಗುರುತಿನ ದಾಖಲೆಗಳನ್ನು ಪರಿಶೀಲಿಸುತ್ತವೆ, ಬಂದ ಹಣದ ಲೆಕ್ಕ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಶುಲ್ಕ ಎಷ್ಟು, ದಾನಿಯಿಂದ ಕೇಳುವ ಟಿಪ್ ಎಷ್ಟು, ಅದರ ಮೇಲಿನ ಜಿಎಸ್‌ಟಿ ಎಷ್ಟು ಎಂಬುದನ್ನು ಆರಂಭಕ್ಕೆ ಮೊದಲೇ ಓದಿಕೊಳ್ಳಿ. ಟಿಪ್ಪಿನ ಮೊತ್ತ ಮೊದಲೇ ಭರ್ತಿಯಾಗಿರುವ ಸಾಧ್ಯತೆ ಇರುವುದರಿಂದ ದಾನಿಗಳಿಗೂ ಅದನ್ನು ತಿಳಿಸುವುದು ಒಳ್ಳೆಯದು. ಅಮೆರಿಕದಲ್ಲಿ ಹೆಸರಾದ ಗೋಫಂಡ್‌ಮಿ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅದರಲ್ಲಿ ಭಾರತದ ಬ್ಯಾಂಕ್ ಖಾತೆಗೆ ಹಣ ಪಡೆಯುವ ಅಭಿಯಾನಕ್ಕೆ ಅವಕಾಶವಿಲ್ಲ. ಎರಡನೆಯ ದಾರಿ ಎಂದರೆ, ಬಡವರ ನೆರವನ್ನು ತನ್ನ ಉದ್ದೇಶಗಳಲ್ಲಿ ಬರೆದುಕೊಂಡಿರುವ, 80ಜಿ ಮಾನ್ಯತೆಯುಳ್ಳ ಟ್ರಸ್ಟ್ ಒಂದರ ಮೂಲಕ ಹೋಗುವುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ಇದರಿಂದ ತೆರಿಗೆ ವಿನಾಯಿತಿ ಸಿಗುತ್ತದೆ, ಆದರೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಒಂದು ಎಚ್ಚರವಿದೆ. ಟ್ರಸ್ಟಿನ ಹಣ ಸಾರ್ವಜನಿಕ ಉದ್ದೇಶಕ್ಕೆ ಸಲ್ಲಬೇಕು. ನೀವು ಹೆಸರಿಸಿದ ನಾಲ್ಕು ಮಂದಿಗೆ ಮಾತ್ರ ಕೊಡಿ ಎಂದು ಷರತ್ತು ಹಾಕಿದರೆ ಯಾವ ಜವಾಬ್ದಾರಿಯುತ ಟ್ರಸ್ಟೂ ಒಪ್ಪುವುದಿಲ್ಲ.

ಮನವಿಯನ್ನು ಬರೆಯುವಾಗ ಎಷ್ಟು ಜನ, ಎಷ್ಟು ತಿಂಗಳು, ತಲಾ ಎಷ್ಟು, ಯಾವುದಕ್ಕೆ ಎಂಬುದನ್ನು ನೇರವಾಗಿ ಹೇಳಿ. ಮಾಲೀಕರನ್ನು ಕಳ್ಳರೆಂದು ಕರೆಯುವ ಒಂದು ವಾಕ್ಯ ಹತ್ತು ಸಾವಿರ ರೂಪಾಯಿ ಹೆಚ್ಚಿಗೆ ತರಬಹುದು, ಅದರ ಬೆನ್ನಿಗೇ ಮಾನನಷ್ಟದ ನೋಟಿಸನ್ನೂ ತರಬಹುದು. ಕೆಲಸಗಾರರ ಮಕ್ಕಳ ಅಳುವ ಮುಖದ ಚಿತ್ರಗಳು ಬೇಡವೇ ಬೇಡ. ಆ ಮಕ್ಕಳು ನಾಳೆ ಅದೇ ಊರಿನ ಶಾಲೆಗೆ ಹೋಗಬೇಕಾದವರು.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಸಂಬಳ ಕೊಡಬೇಕಾದವನು ಮಾಲೀಕ. ನಾವು ಜನರೇ ಕೊಟ್ಟುಬಿಟ್ಟರೆ ಅವನ ಹೊಣೆ ಕಳಚಿದಂತಾಗುವುದಿಲ್ಲವೇ? (ಮಲ್ಲೇಶ್ವರದ ಓದುಗರು)

ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಕಾನೂನಿನ ಮಟ್ಟಿಗೆ ಉತ್ತರ ಸರಳವಾಗಿದೆ: ದೇಣಿಗೆಯು ಬಾಕಿ ಸಂಬಳದಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡುವುದಿಲ್ಲ. ವ್ಯವಹಾರದಲ್ಲಿ ಮಾತ್ರ ನಿಮ್ಮ ಆತಂಕ ನಿಜ. ಕೈಗೆ ಒಂದಿಷ್ಟು ಹಣ ಬಂದ ಕೂಡಲೇ ಅರ್ಜಿ ಹಾಕುವ ಉತ್ಸಾಹ ತಗ್ಗುತ್ತದೆ, ಗಡುವು ಕಳೆದುಹೋಗುತ್ತದೆ. ಆದ್ದರಿಂದ ನೆರವು ಪಡೆಯುವ ಪ್ರತಿಯೊಬ್ಬರೂ ತಮ್ಮ ಬಾಕಿಯ ಅರ್ಜಿಯನ್ನು ಬರೆಯುವಂತೆ, ಹಣ ಕೊಡುವ ಮೇಜಿನ ಪಕ್ಕದಲ್ಲೇ ಅರ್ಜಿ ಬರೆದುಕೊಡುವ ಮೇಜನ್ನೂ ಹಾಕಬೇಕು. ಅಭಿಯಾನ ನಡೆಸುವವರು ಇದೊಂದನ್ನು ಮಾಡದಿದ್ದರೆ ನಿಮ್ಮ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ.

ಅವರಿಗೆ ಬರಬೇಕಾದದ್ದು ಏನೇನು ಎಂಬುದನ್ನು ನೋಡೋಣ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ಸಂಸ್ಥೆ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಐದು ವರ್ಷ ಸೇವೆ ಮುಗಿಸಿದ ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ ಸಲ್ಲಬೇಕು. ಇವು ಬರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಡಬಹುದು. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು.

ಆದರೆ ಕಂಪನಿಯ ವಿರುದ್ಧ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠದಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾದರೆ ಚಿತ್ರವೇ ಬದಲಾಗುತ್ತದೆ. ಆ ದಿನದಿಂದ ಕಂಪನಿಯ ಮೇಲಿನ ಉಳಿದ ದಾವೆಗಳು, ಕಾರ್ಮಿಕ ನ್ಯಾಯಾಲಯದ ವಸೂಲಿಯೂ ಸೇರಿದಂತೆ, ತಡೆಹಿಡಿಯಲ್ಪಡುತ್ತವೆ. ಆಗ ಕೆಲಸಗಾರರು ಮಾಡಬೇಕಾದದ್ದು, ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ರೆಸಲ್ಯೂಷನ್ ಪ್ರೊಫೆಷನಲ್ (ದಿವಾಳಿ ಪ್ರಕ್ರಿಯೆಯನ್ನು ನಡೆಸಲು ನೇಮಕವಾದವರು) ಅವರಿಗೆ ಫಾರ್ಮ್ ಡಿಯಲ್ಲಿ ತಮ್ಮ ಬಾಕಿಯನ್ನು ತಿಳಿಸುವುದು; ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಸಲ್ಲಿಸುವುದಾದರೆ ಅದು ಫಾರ್ಮ್ ಇ. ಕಂಪನಿ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸಿ ಮುಚ್ಚುವ ಹಂತಕ್ಕೆ, ಹೋದರೆ 2016ರ ದಿವಾಳಿ ಸಂಹಿತೆಯ 53ನೇ ಕಲಮಿನಂತೆ, ಪ್ರಕ್ರಿಯೆಯ ವೆಚ್ಚ ಕಳೆದ ಮೇಲೆ ಕಾರ್ಮಿಕರ 24 ತಿಂಗಳ ಬಾಕಿಯು ಅಡಮಾನವಿರುವ ಬ್ಯಾಂಕುಗಳ ಸಾಲದೊಂದಿಗೆ ಸಮಾನ ಸ್ಥಾನದಲ್ಲಿ ನಿಲ್ಲುತ್ತದೆ, ಇತರ ನೌಕರರ 12 ತಿಂಗಳ ಬಾಕಿ ಅದರ ನಂತರದ ಸ್ಥಾನದಲ್ಲಿ. ಪಿಎಫ್, ಪಿಂಚಣಿ ಮತ್ತು ಗ್ರಾಚ್ಯುಟಿ ನಿಧಿಯ ಹಣ ಸಾಲಿಗರಿಗೆ ಹಂಚುವ ಆಸ್ತಿಯೊಳಗೆ ಸೇರುವುದೇ ಇಲ್ಲ.

ವೈನರಿಯ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ವಿದ್ಯುತ್ ಕಡಿತಗೊಂಡು ಟ್ಯಾಂಕುಗಳ ತಂಪು ಹೋದರೆ, ಪೀಪಾಯಿಗಳಿಗೆ ಕಾಲಕಾಲಕ್ಕೆ ವೈನ್ ತುಂಬಿಸಿ ಗಾಳಿ ತಡೆಯದಿದ್ದರೆ, ಒಳಗಿರುವ ಸರಕು ಹುಳಿಯಾಗುತ್ತದೆ; ಹುಳಿಯಾಗುವುದು ಬಾಕಿ ಸಂಬಳಕ್ಕೆ ಆಧಾರವಾದ ಆಸ್ತಿಯೇ. ಹಾಗಾಗಿ ಪ್ರಕ್ರಿಯೆಯ ಅವಧಿಯಲ್ಲೂ ಕೆಲವು ಸೆಲ್ಲಾರ್ ಕೆಲಸಗಾರರನ್ನು ಉಳಿಸಿಕೊಳ್ಳಬೇಕಾಗಬಹುದು. ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ, ಎಬಿಜಿ ಶಿಪ್‌ಯಾರ್ಡ್ ಕಂಪನಿಯ ಕೆಲಸಗಾರರ ಪ್ರಕರಣದಲ್ಲಿ, ಪ್ರಕ್ರಿಯೆಯ ವೇಳೆ ಕಂಪನಿ ಚಾಲ್ತಿಯಲ್ಲಿದ್ದು ಕೆಲಸಗಾರರು ನಿಜವಾಗಿ ದುಡಿದಿದ್ದರೆ ಆ ಅವಧಿಯ ವೇತನವು ಪ್ರಕ್ರಿಯೆಯ ವೆಚ್ಚವೇ ಆಗುತ್ತದೆ, ಅಂದರೆ ಎಲ್ಲರಿಗಿಂತ ಮೊದಲು ಸಲ್ಲುತ್ತದೆ ಎಂದು ಹೇಳಿದೆ. ಕೆಲಸಕ್ಕೆ ಹೋದ ದಿನಗಳ ಹಾಜರಿಯನ್ನು ಅವರು ಸಹಿ ಸಮೇತ ಇಟ್ಟುಕೊಳ್ಳಲಿ.

ಹೀಗೆಲ್ಲ ಹಕ್ಕುಗಳಿದ್ದರೆ ದೇಣಿಗೆ ಏಕೆ ಎಂದು ನೀವು ಕೇಳಬಹುದು. ಸಂಹಿತೆಯಲ್ಲಿ ದಿವಾಳಿ ಪರಿಹಾರ ಪ್ರಕ್ರಿಯೆಗೆ ಬರೆದಿರುವ ಗರಿಷ್ಠ ಅವಧಿ 330 ದಿನ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. ಅದರ ಸಮಾಪನೆಗೆ ಸುಪ್ರೀಂ ಕೋರ್ಟು ಆದೇಶಿಸಿದ್ದು 2024ರ ನವೆಂಬರ್‌ನಲ್ಲಿ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನಿಂತ ಮೇಲೆ ಅದರ ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಎಷ್ಟು ವರ್ಷ ಕಾದರೆಂಬುದನ್ನು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ಮನೆ ಬಾಡಿಗೆ, ಶಾಲೆಯ ಶುಲ್ಕ, ಸ್ವಸಹಾಯ ಸಂಘದ ಕಂತು ಇವು ಯಾವ ಪೀಠದ ವಿಚಾರಣೆಯ ದಿನಾಂಕಕ್ಕೂ ಕಾಯುವುದಿಲ್ಲ. ಮೊದಲ ಮೂರು ತಿಂಗಳು ಈ ಕುಟುಂಬಗಳು ಬಡ್ಡಿ ಸಾಲಕ್ಕೆ ಬೀಳದಂತೆ ತಡೆಯುವುದಷ್ಟೇ ದೇಣಿಗೆಯ ಕೆಲಸ. ಸಂಬಳದ ಬಾಕಿಯನ್ನು ತೀರಿಸುತ್ತೇವೆ ಎಂದು ಹೊರಡುವ ಅಭಿಯಾನಕ್ಕೆ ನೀವು ಹಣ ಕೊಡಬೇಡಿ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ನಾವು ಹನ್ನೆರಡು ಮಂದಿ ಹೆಂಗಸರು ಮೇಸ್ತ್ರಿಯ ಮೂಲಕ ದ್ರಾಕ್ಷಿ ಬಳ್ಳಿ ಸವರಲು, ಗೊನೆ ಕೊಯ್ಯಲು ಹೋಗುತ್ತಿದ್ದೆವು. ಕಂಪನಿಯವರು ಮಾಡಿರುವ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ನಮಗೆ ಸಹಾಯ ಸಿಗುತ್ತದೆಯೇ? (ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರು)

ಸಿಗಬೇಕು, ಮತ್ತು ಮೊದಲು ಸಿಗಬೇಕಾದದ್ದು ನಿಮಗೇ. ಇಂತಹ ಅಭಿಯಾನಗಳಲ್ಲಿ ಸಾಮಾನ್ಯವಾಗಿ ಆಗುವ ಅನ್ಯಾಯವೆಂದರೆ, ಮನವಿಯ ಚಿತ್ರದಲ್ಲಿ ತೋಟದ ಹೆಂಗಸರು ಇರುತ್ತಾರೆ, ಹಂಚಿಕೆಯ ಪಟ್ಟಿಯಲ್ಲಿ ಕಚೇರಿಯವರು ಇರುತ್ತಾರೆ. ಮಾರಾಟ ವಿಭಾಗದವರಿಗೆ, ವೈನ್ ತಯಾರಕರಿಗೆ ಬೇರೆ ಕಂಪನಿಯಲ್ಲಿ ಕೆಲಸ ಹುಡುಕುವ ಪರಿಚಯಗಳಿರುತ್ತವೆ. ನಿಮ್ಮ ಕೆಲಸ ಬಳ್ಳಿಯ ಕಾಲಕ್ಕೆ ಕಟ್ಟಿಕೊಂಡದ್ದು: ಬೇಸಿಗೆಯ ಆರಂಭದಲ್ಲಿ ಒಂದು ಸವರಿಕೆ, ಮಳೆಗಾಲ ಮುಗಿಯುವಾಗ ಇನ್ನೊಂದು, ಆಮೇಲೆ ಕೊಯ್ಲು. ಒಂದು ಸವರಿಕೆ ತಪ್ಪಿದರೆ ಹಲವು ವಾರಗಳ ಕೂಲಿಯೇ ಹೋಯಿತು.

ಕಾನೂನಿನಲ್ಲೂ ನಿಮಗೆ ನೆಲೆಯಿದೆ. ಗುತ್ತಿಗೆದಾರ (ಇಲ್ಲಿ ನಿಮ್ಮ ಮೇಸ್ತ್ರಿ) ಕೂಲಿ ಕೊಡದಿದ್ದರೆ ಪ್ರಧಾನ ಮಾಲೀಕನೇ (ಇಲ್ಲಿ ವೈನರಿ) ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ಮೇಸ್ತ್ರಿಯ ಹಾಜರಿ ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಖಾತೆಗೆ ಬಂದ ಹಳೆಯ ಕೂಲಿಯ ನಮೂದು, ಕರೆದೊಯ್ಯುತ್ತಿದ್ದ ಟೆಂಪೊ ಚಾಲಕನ ಹೇಳಿಕೆ, ಕೆಲಸಕ್ಕೆ ಬನ್ನಿ ಎಂದು ಕಳಿಸಿದ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಎಲ್ಲವೂ ಸಾಕ್ಷ್ಯವೇ. ಹಂಚಿಕೆಯ ಸಮಿತಿಯಲ್ಲಿ ನಿಮ್ಮೊಬ್ಬರನ್ನು ಸೇರಿಸಬೇಕೆಂದು ಬರೆದು ಕೇಳಿ.

ಹಣ ನಡೆಸುವವರಿಗೆ ಇಲ್ಲೇ ಒಂದು ಮಾತು. ಸಂಬಳದ ಪ್ರಮಾಣಕ್ಕೆ ಅನುಗುಣವಾಗಿ ಹಂಚಬೇಡಿ. ತಿಂಗಳಿಗೆ ತಲಾ 15,000 ರೂಪಾಯಿಯಂತೆ ಮೂರು ತಿಂಗಳು ಕೊಟ್ಟರೆ ಒಟ್ಟು 45,000 ಆಗುತ್ತದೆ; ಬೇರೆ ಕಡೆಯಿಂದ ಇಂತಹ ಹಣ ಬಂದಿರದಿದ್ದರೆ, ಮೇಲೆ ಹೇಳಿದ 50,000ದ ಮಿತಿಯೊಳಗೇ ಉಳಿಯುತ್ತದೆ. ಇಎಸ್‌ಐ ವಿಮೆ ಇದ್ದವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ಸರಾಸರಿ ದಿನಗೂಲಿಯ ಅರ್ಧದಂತೆ ಗರಿಷ್ಠ 90 ದಿನಗಳ ನಿರುದ್ಯೋಗ ಪರಿಹಾರ ಸಿಗುವುದೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಲಿ. ಅದು ಸಿಕ್ಕವರ ಪಾಲನ್ನು ವಿಮೆಯಿಲ್ಲದ ಕೂಲಿಯವರ ಕಡೆಗೆ ತಿರುಗಿಸಿದರೆ ತಪ್ಪಿಲ್ಲ.

ಪ್ರಶ್ನೆ: ಗೋದಾಮಿನಲ್ಲಿ ಸಾವಿರಾರು ಬಾಟಲಿ ಬಿದ್ದಿವೆಯಂತೆ. ದೇಣಿಗೆ ಕೊಟ್ಟವರಿಗೆ ಒಂದೊಂದು ಬಾಟಲಿ ಕೊಟ್ಟರೆ, ಅಥವಾ ಹರಾಜು ಹಾಕಿದರೆ ಹಣ ಬೇಗ ಬರುವುದಿಲ್ಲವೇ? (ಜಯನಗರದ ಓದುಗರು)

ಬೇಗ ಬರುತ್ತದೆ, ಅದರ ಹಿಂದೆಯೇ ಅಬಕಾರಿ ಇಲಾಖೆಯವರೂ ಬರುತ್ತಾರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ವೈನ್ ಮಾರುವುದು ಅಪರಾಧ. ಹಣ ಪಡೆದು ಅದಕ್ಕೆ ಪ್ರತಿಯಾಗಿ ಬಾಟಲಿ ಕೊಡುವುದನ್ನು ಉಡುಗೊರೆ ಎಂದು ಕರೆದ ಮಾತ್ರಕ್ಕೆ ಅದು ಮಾರಾಟವಲ್ಲದೆ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಬಾಟಲಿಗಳು ಕಂಪನಿಯ ಆಸ್ತಿ. ಬಾಕಿಯ ಬದಲಿಗೆ ಒಂದಿಷ್ಟು ಪೆಟ್ಟಿಗೆ ಕೊಂಡೊಯ್ಯುವ ಕೆಲಸಗಾರನ ಮೇಲೆ ಕಳವಿನ ಮೊಕದ್ದಮೆ ಬೀಳಬಹುದು. ಮಾರಬೇಕಾದರೆ ಅಧಿಕಾರ ಪಡೆದ ರೆಸಲ್ಯೂಷನ್ ಪ್ರೊಫೆಷನಲ್ ಅಥವಾ ಸಮಾಪನೆ ನಡೆಸುವ ಲಿಕ್ವಿಡೇಟರ್, ಪರವಾನಗಿ ಇರುವವರಿಗೆ ಮಾರಲಿ.

ಪ್ರಶ್ನೆ: ಮದ್ಯದ ಉದ್ಯಮ ಮುಳುಗಿದರೆ ಮುಳುಗಲಿ. ಅದಕ್ಕೆ ಜನರ ಹಣ ಏಕೆ? (ಬಸವನಗುಡಿಯ ಓದುಗರು)

ಹಣ ಕೇಳುತ್ತಿರುವುದು ಉದ್ಯಮಕ್ಕಲ್ಲ. ಕುಡಿತದ ಬಗ್ಗೆ ನಿಮ್ಮ ನಿಲುವನ್ನು ಗೌರವಿಸುತ್ತೇನೆ. ಆದರೆ ಬಳ್ಳಿ ಸವರುವ ಹೆಂಗಸು ಆ ದ್ರಾಕ್ಷಿ ಹಣ್ಣಿನಂಗಡಿಗೆ ಹೋಗುತ್ತದೆಯೋ ಸೆಲ್ಲಾರಿಗೆ ಹೋಗುತ್ತದೆಯೋ ಎಂದು ತೀರ್ಮಾನಿಸಿದವಳಲ್ಲ. ತೀರ್ಮಾನಿಸಿದ್ದು ಕಂಪನಿ, ಅದಕ್ಕೆ ಪ್ರೋತ್ಸಾಹ ಕೊಟ್ಟಿದ್ದು 2007ರಲ್ಲಿ ವೈನ್ ನೀತಿ ತಂದ ನಮ್ಮದೇ ರಾಜ್ಯ ಸರ್ಕಾರ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಮತ್ತು ಅವನ ಗೆಳೆಯರು ಹಣ ಕಳಿಸಲು ಸಿದ್ಧರಿದ್ದಾರೆ. ತೊಂದರೆ ಇದೆಯೇ? (ರಾಜಾಜಿನಗರದ ಓದುಗರು)

ಅವರ ಬಳಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂಬುದರ ಮೇಲೆ ಉತ್ತರ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ ಆಗುತ್ತಾರೆ. ಅಂಥವರ ದೇಣಿಗೆ ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು; ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಮಗನ ಗೆಳೆಯರಲ್ಲಿ ಯಾರು ಯಾರೆಂದು ಕೇಳಿಕೊಂಡೇ ಮುಂದುವರಿಯಿರಿ.

ಪ್ರಶ್ನೆ: ನಾನು ಆ ಕಂಪನಿಗೆ ದ್ರಾಕ್ಷಿ ಕೊಟ್ಟ ರೈತ. ಎರಡು ಕೊಯ್ಲಿನ ಹಣ ಬಾಕಿ ಇದೆ. ಸಂಗ್ರಹವಾಗುವ ದೇಣಿಗೆಯಲ್ಲಿ ನಮಗೂ ಪಾಲು ಕೇಳಬಹುದೇ? (ದೇವನಹಳ್ಳಿ ತಾಲ್ಲೂಕಿನ ಓದುಗರು)

ಕೆಲಸಗಾರರ ಹೆಸರಿನಲ್ಲಿ ಎತ್ತಿದ ಹಣದಲ್ಲಿ ಕೇಳಬೇಡಿ. ದಾನಿಗಳು ಕೊಟ್ಟದ್ದು ಆ ಉದ್ದೇಶಕ್ಕೆ. ನಿಮ್ಮ ಬಾಕಿ ದಿವಾಳಿ ಪ್ರಕ್ರಿಯೆಯಲ್ಲಿ ಫಾರ್ಮ್ ಬಿ ಮೂಲಕ ಹೋಗುತ್ತದೆ. ಸಮಾಪನೆಯಾದರೆ ನಿಮ್ಮ ಸ್ಥಾನ ಕಾರ್ಮಿಕರಿಗಿಂತ, ಬ್ಯಾಂಕುಗಳಿಗಿಂತ ಬಹಳ ಕೆಳಗೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಆದರೆ ಇರುವ ಕಾನೂನು ಇದು.

ನೀವು ಬೆಳೆಯುವುದು ಬೆಂಗಳೂರು ಬ್ಲೂ ಆಗಿದ್ದರೆ ಅಷ್ಟರ ಮಟ್ಟಿಗೆ ಉಳಿದುಕೊಂಡಿರಿ. ಅದನ್ನು ಹಣ್ಣಾಗಿಯೂ ರಸಕ್ಕೂ ಕೊಳ್ಳುವವರಿದ್ದಾರೆ. ಶಿರಾಝ್, ಕ್ಯಾಬರ್ನೆ ಸವಿನ್ಯೋನ್‌ನಂತಹ ವೈನ್ ತಳಿಗಳಾದರೆ ಕಷ್ಟ. ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಹಣ್ಣಿನ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ. ಮಹಾರಾಷ್ಟ್ರದಲ್ಲಿ 2010ರ ಆಸುಪಾಸಿನಲ್ಲಿ ವೈನ್ ಉದ್ಯಮ ಕುಸಿದಾಗ ಅಲ್ಲಿನ ರೈತರು ಬಳ್ಳಿಗಳನ್ನೇ ಕಿತ್ತುಹಾಕಿದ್ದು ಈ ಕಾರಣಕ್ಕೆ. ನೀವು ಕೀಳುವ ಮೊದಲು, ಮುಂದಿನ ಕೊಯ್ಲಿಗೆ ಬೇರೆ ವೈನರಿಯೊಂದಿಗೆ ಬರವಣಿಗೆಯ ಒಪ್ಪಂದ ಸಾಧ್ಯವೇ ನೋಡಿ, ಮತ್ತು ಈ ಸಲ ಹಣದ ಒಂದು ಭಾಗವನ್ನಾದರೂ ಗೊನೆ ಲಾರಿಗೆ ಏರುವ ಮುಂಚೆಯೇ ಕೊಡಬೇಕೆಂದು ಅದರಲ್ಲಿ ಬರೆಸಿ.